ತೊಳೆದ ಗಡಿಗೆಯ ಜೇನುಹುಳುಗಳು

ಹೊಳೆದಂಡೆಯ ಆಶ್ರಮಕ್ಕೆ ಬಂದು ವರ್ಷವಾದರೂ ಕೊಟ್ರಯ್ಯ ಯಾರ ಪಕ್ಕದಲ್ಲೂ ಕೂತು ಉಂಡವನಲ್ಲ. ತನ್ನ ಅಂಬಲಿ ತಾನೇ ಕಾಸಿ, ಗುಡಿಸಲಿನ ಹಿಂದೆ ಗೋಡೆಗೆ ಮುಖ ಮಾಡಿ ಕುಡಿಯುತ್ತಿದ್ದ. ಪಂಕ್ತಿಯಲ್ಲಿ ಉಣ್ಣುವವರ ನಗು ಅಲ್ಲಿಗೂ ಕೇಳುತ್ತಿತ್ತು. ಕೇಳಿಸದವನಂತೆ ಕೂರುತ್ತಿದ್ದ.

ಒಂದು ದಿನ ಅವನು ಆಶ್ರಮದ ಗುರುವಾದ ಬಸಲಿಂಗವ್ವನ ಮುಂದೆ ಬಂದು ನಿಂತ.

“ಅವ್ವಾ, ಗುಡ್ಡದ ಗವಿಗೆ ಹೋಗ್ತೀನಿ, ಅಪ್ಪಣೆ ಕೊಡಿ. ಒಬ್ಬನೇ ಇದ್ದರೆ ಯಾರ ಎಂಜಲೂ ಅಂಟೋದಿಲ್ಲ.”

ಅವ್ವ ಹುಣಸೆಮರದ ಪೊಟರೆಯೊಳಗೆ ಕೈಹಾಕಿ, ಕಾಡುಜೇನಿನ ಗೂಡಿನಿಂದ ಅಂಗೈಯಗಲದ ತಟ್ಟಿ ಮುರಿದು ತಂದಳು. ಮೇಣ ಮುಚ್ಚಿದ ಒಂದೊಂದು ಕೋಣೆಯಲ್ಲೂ ಒಂದೊಂದು ಮರಿ.

“ಇವನ್ನ ನೀನೊಬ್ಬನೇ ಸಾಕು. ಬದುಕಿದರೆ ಗವಿ ನಿನ್ನದು.”

“ಇಷ್ಟೇನಾ?”

“ಇಷ್ಟೇ ತಮ್ಮಾ.”

ಕೊಟ್ರಯ್ಯ ಗಡಿಗೆಯನ್ನು ಬೂದಿಯಲ್ಲಿ ಮೂರು ಸಲ ಉಜ್ಜಿದ. ತಟ್ಟಿಯ ಮೇಲಿನ ಕೊಳೆಯನ್ನು ಬಿಸಿನೀರಲ್ಲದ್ದಿದ ಬಟ್ಟೆಯಿಂದ ಒರೆಸಿದ. ಕುದಿಸಿ ಆರಿಸಿದ ನೀರಿಗೆ ಜೇನು ಬೆರೆಸಿಟ್ಟ. ತಟ್ಟಿಯನ್ನು ಗಡಿಗೆಯೊಳಗಿಟ್ಟು, ಬಾಯಿಗೆ ಮಡಿಬಟ್ಟೆ ಕಟ್ಟಿ, ಬೆಚ್ಚಗೆ ಒಲೆಯ ಪಕ್ಕ ಇರಿಸಿದ.

ಮರಿಗಳು ಮೇಣ ಕಡಿದು ಒಂದೊಂದಾಗಿ ಹೊರಬಂದವು. ವರ್ಷದಲ್ಲಿ ಮೊದಲ ಸಲ ಅವನು ಯಾರನ್ನೋ ಉಣ್ಣಲು ಕರೆದ. “ಬಾರವ್ವಾ,” ಅಂದ, “ಕುಡಿ.”

ಅವು ಕುಡಿದವು. ವಾರದೊಳಗೆ ಸೊರಗಿ, ಒಂದರ ಹಿಂದೊಂದು ಕಾಲು ಮಡಚಿ ಬಿದ್ದವು.

ಅವನು ಗಡಿಗೆ ಹೊತ್ತು ಅವ್ವನ ಬಳಿಗೆ ಓಡಿದ.

“ಏನು ಕಮ್ಮಿ ಮಾಡಿದೆ ಅವ್ವಾ? ಹೊಟ್ಟೆತುಂಬ ಕುಡಿದಿದ್ದಾವೆ!”

“ಕುಡಿದಿದ್ದಾವೆ. ಅರಗಿಸೋರು ಯಾರು?”

“ಅಂದರೆ?”

“ಕಣ್ಣಿಗೆ ಕಾಣದ ಜೀವಗಳು ಜೇನುಹುಳದ ಕರುಳಲ್ಲಿ ಮನೆ ಮಾಡಿರ್ತವೆ. ಅರಗಿಸೋದೂ ಅವೇ, ರೋಗ ತಡೆಯೋದೂ ಅವೇ. ಹುಟ್ಟೋವಾಗ ಒಂದೂ ಇರೋದಿಲ್ಲ. ಗೂಡಿನಲ್ಲಿರೋ ದೊಡ್ಡ ಹುಳುಗಳಿಂದ ಬರಬೇಕು.”

“ಅವುಗಳ ಎಂಜಲಿಂದಲಾ?”

“ಎಂಜಲಿಂದ. ಅವು ತುಳಿದ ಮೇಣದಿಂದ. ಹೇಲಿಂದಲೂ ಅನ್ನು, ಮೂಗು ಯಾಕೆ ಮುರೀತೀಯ? ನೀನು ಒರೆಸಿ ಹಾಕಿದ್ದು ಅದನ್ನೇ.”

ಗಡಿಗೆಯ ತಳದಲ್ಲಿ ಮೂರು ಹುಳು ಇನ್ನೂ ಹರಿದಾಡುತ್ತಿದ್ದವು. ಅಂದು ಬೆಳಿಗ್ಗೆ ಹುಟ್ಟಿದವು.

“ಇವನ್ನ ಗೂಡಿಗೆ ಬಿಟ್ಟರೆ?”

“ಎಳೆಹುಳುವನ್ನ ಗೂಡು ತಳ್ಳೋದಿಲ್ಲ. ಆದರೆ ನೀನೊಬ್ಬನೇ ಸಾಕಿದ ಹಾಗಾಗಲಿಲ್ಲ. ಗವಿ ಇಲ್ಲ.”

ಕೊಟ್ರಯ್ಯ ಗುಡ್ಡದ ಕಡೆ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಹುಣಸೆಮರದ ಬುಡಕ್ಕೆ ನಡೆದು, ಮೂರನ್ನೂ ಬೆರಳತುದಿಯಿಂದ ಪೊಟರೆಯ ಬಾಯಿಗೆ ಇಳಿಸಿದ.

ದೊಡ್ಡ ಹುಳುವೊಂದು ಬಂತು. ಮೂಸಿತು. ಮೈಯೆಲ್ಲ ನೆಕ್ಕಿ, ಬಾಯಿಗೆ ಬಾಯಿ ಇಟ್ಟಿತು. ಮೂರೂ ಒಳಗೆ ಸರಿದವು.

ಅವನು ಕತ್ತು ನೋಯುವವರೆಗೂ ಪೊಟರೆಗೆ ಬಗ್ಗಿ ನಿಂತಿದ್ದ. ಆಮೇಲೆ ಅವ್ವನ ಕಡೆ ತಿರುಗಿದ.

“ಅವ್ವಾ, ಇಷ್ಟರಲ್ಲಿ ನನ್ನವು ಯಾವುವು ಅಂತ ಗೊತ್ತೇ ಆಗ್ತಿಲ್ಲ.”

“ಹಾಗಾದರೆ ಬದುಕ್ತವೆ ಬಿಡು.”