ಒಣಗದ ಆಕಾಶಕ್ಕೆ ತಾಗಿದ ಹನಿ

ಲೋಕ ಇನ್ನೂ ಹಸಿಯಾಗಿದ್ದ ಕಾಲ ಅದು. ಬೆಟ್ಟವನ್ನು ಮುಟ್ಟಿದರೆ ಹಸಿರು ಬೆರಳಿಗೆ ಅಂಟುತ್ತಿತ್ತು. ಕೆರೆಯ ದಂಡೆಯಲ್ಲಿ ತೆವಳಿದ ಆಮೆಯ ಹೊಟ್ಟೆಗೆ ಮಣ್ಣಿನ ಬಣ್ಣ ಮೆತ್ತಿಕೊಳ್ಳುತ್ತಿತ್ತು. ಎಲ್ಲಕ್ಕೂ ಇದ್ದದ್ದು ಒಂದೇ ದೊಡ್ಡ ಬಿಳಿ ಹಾಳೆ. ಅದರ ಮೇಲೆ ಲೋಕವನ್ನು ನೀರುಬಣ್ಣದಲ್ಲಿ ಬರೆಯುತ್ತಿದ್ದವಳು ಒಬ್ಬಳೇ. ಅವಳನ್ನು ಎಲ್ಲರೂ ದೊಡ್ಡಮ್ಮ ಎಂದು ಕರೆಯುತ್ತಿದ್ದರು.

ದೊಡ್ಡಮ್ಮನದು ಬಹಳ ಶಿಸ್ತು. ಅವಳ ಬಲಗಡೆ ಎರಡು ಮಡಕೆ ನೀರು ಇರಬೇಕು. ಒಂದು ಕುಂಚ ತೊಳೆಯುವುದಕ್ಕೆ, ಇನ್ನೊಂದು ಬಣ್ಣ ಕಲೆಸುವುದಕ್ಕೆ. ಇದರ ನೀರು ಅದಕ್ಕೆ ಸೇರಕೂಡದು. ಕೆಲಸ ಮುಗಿದ ಮೇಲೆ ಕುಂಚವನ್ನು ತೊಳೆದು, ತುದಿ ತೀಡಿ, ಅಡ್ಡಲಾಗಿ ಮಲಗಿಸಬೇಕು; ತಲೆಕೆಳಗಾಗಿ ನಿಲ್ಲಿಸಕೂಡದು. ತಿಳಿಬಣ್ಣ ಮೊದಲು, ಗಾಢಬಣ್ಣ ಆಮೇಲೆ. ಎಲ್ಲಕ್ಕಿಂತ ದೊಡ್ಡ ನಿಯಮ ಇದು: ಒಣಗುವ ತನಕ ಯಾರೂ ಮುಟ್ಟಕೂಡದು.

ಬರೆದದ್ದನ್ನು ಒಣಗಿಸುವ ಕೆಲಸ ಗಾಳಿಯದು. ಗಾಳಿಗೆ ಸುಮ್ಮನಿರುವುದು ಬರುತ್ತಿರಲಿಲ್ಲ.

"ದೊಡ್ಡಮ್ಮ, ನಿಮ್ಮ ಹತ್ತಿರ ಎಲ್ಲ ಬಣ್ಣವೂ ಇದೆ. ಬಿಳಿ ಎಲ್ಲಿ?" ಎಂದು ಗಾಳಿ ಕೇಳಿತು.

"ಬಿಳಿ ನನ್ನ ಹತ್ತಿರ ಇಲ್ಲ."

"ಹಾಗಾದರೆ ಬೆಳ್ಳಕ್ಕಿಯನ್ನು ಹೇಗೆ ಬರೆದಿರಿ?"

"ನಾನು ಬರೆಯಲಿಲ್ಲ. ಸುತ್ತಲಿನ ಜೊಂಡನ್ನು ಬರೆದೆ, ನಡುವೆ ಹಕ್ಕಿಯನ್ನು ಬಿಟ್ಟೆ. ಅಲ್ಲಿ ನಿನಗೆ ಕಾಣುವುದು ಹಾಳೆ. ಕುಂಚವನ್ನು ಎಲ್ಲಿ ಇಡಬಾರದು ಎಂದು ತಿಳಿಯಬೇಕು."

"ಇಷ್ಟೆಲ್ಲ ತಿಳಿದವರು ಮೊನ್ನೆ ಕುಂಚವನ್ನು ಮಜ್ಜಿಗೆ ಲೋಟಕ್ಕೆ ಅದ್ದಿದಿರಲ್ಲ?"

"ಅದು ಬೇರೆ ವಿಷಯ," ಎಂದಳು ದೊಡ್ಡಮ್ಮ. "ನೀನು ಬಾಯಿ ಮುಚ್ಚಿಕೊಂಡು ಬೀಸು."

ದೊಡ್ಡಮ್ಮನ ಮನಸ್ಸಿಗೆ ಒಪ್ಪುವಂತೆ ಬಾರದೇ ಇದ್ದದ್ದು ಆಕಾಶ ಒಂದೇ. ಅದನ್ನು ಎಷ್ಟೋ ಸಲ ಬರೆದಿದ್ದಳು, ಎಷ್ಟೋ ಸಲ ತೊಳೆದು ಹಾಕಿದ್ದಳು. ಒಮ್ಮೆ ಗೆರೆ ಬಿತ್ತು, ಒಮ್ಮೆ ಕಲೆ ಬಿತ್ತು. ಕೊನೆಗೆ ಒಂದು ಬೆಳಿಗ್ಗೆ ಉಸಿರು ಬಿಗಿಹಿಡಿದು, ಅಗಲವಾದ ಕುಂಚದಲ್ಲಿ ಈ ಅಂಚಿನಿಂದ ಆ ಅಂಚಿನವರೆಗೆ ನೀಲಿಯನ್ನು ಎಳೆದಳು. ಗೆರೆ ಇಲ್ಲ, ಕಲೆ ಇಲ್ಲ. ಅಪ್ಪಟ ನೀಲಿ, ಒದ್ದೆಯಾಗಿ ಹೊಳೆಯುತ್ತಿತ್ತು. ಮೊಲ ಮೇಯುವುದನ್ನು ಮರೆತು ನೋಡಿತು. ಮೀನುಗಳು ನೀರಿನಿಂದ ತಲೆ ಎತ್ತಿ ನೋಡಿದವು.

ಆಗ ಆಕಾಶ ಬಹಳ ಕೆಳಗಿತ್ತು, ದೊಡ್ಡಮ್ಮನ ಕೈಗೆ ಎಟಕುವಷ್ಟು. ಒಣಗಿದ ಮೇಲೆ ಅದನ್ನು ಮೇಲಕ್ಕೆ ಏರಿಸಬೇಕಿತ್ತು.

"ಒಣಗುವ ತನಕ ಯಾರೂ ಹಾರಕೂಡದು!" ಎಂದು ದೊಡ್ಡಮ್ಮ ಸಾರಿದಳು. ಗಿಳಿ, ಕಾಗೆ, ಗುಬ್ಬಿ ಎಲ್ಲ ಕೊಂಬೆಯ ಮೇಲೆ ಸಾಲಾಗಿ ಕುಳಿತವು.

ಟಿಟ್ಟಿಭ ಹಕ್ಕಿಗೆ ಮಾತ್ರ ಕುಳಿತುಕೊಳ್ಳಲು ಕೊಂಬೆ ಇರಲಿಲ್ಲ. ಅವಳು ನೆಲದ ಹಕ್ಕಿ. ಬಯಲಿನ ಬೆಣಚುಕಲ್ಲುಗಳ ನಡುವೆ ಮೊಟ್ಟೆ ಇಟ್ಟಿದ್ದಳು. ಅಲ್ಲಿ ಒಂದು ಮರವಿಲ್ಲ, ಒಂದು ಪೊದೆಯಿಲ್ಲ. ಮೋಡ ಎಂಬುದಂತೂ ಲೋಕದಲ್ಲೇ ಇರಲಿಲ್ಲ. ಸೂರ್ಯನೂ ಆಗ ಹೊಸಬ. ತನ್ನ ಬಿಸಿ ಎಷ್ಟೆಂದು ಅವನಿಗೇ ತಿಳಿದಿರಲಿಲ್ಲ. ಅಂದು ಆ ಅಪ್ಪಟ ನೀಲಿಯ ನಡುವೆ ನಿಂತು ಅವನು ಉರಿದ. ಕಲ್ಲು ಕಾಯಿತು. ಟಿಟ್ಟಿಭ ರೆಕ್ಕೆ ಹರಡಿ ಮೊಟ್ಟೆಗಳ ಮೇಲೆ ನಿಂತಳು. ಆದರೂ ಮೊಟ್ಟೆಗಳು ಬಿಸಿಯಾಗುತ್ತಲೇ ಹೋದವು.

"ದೊಡ್ಡಮ್ಮ, ಒಂದೇ ಸಲ ಕೆರೆಗೆ ಹಾರಿ ಬರುತ್ತೇನೆ. ಹೊಟ್ಟೆಯ ಗರಿ ತೋಯಿಸಿಕೊಂಡು ಬಂದು ಮೊಟ್ಟೆಗಳನ್ನು ತಂಪು ಮಾಡಬೇಕು."

"ಒಣಗುವ ತನಕ ಹಾರಕೂಡದು ಎಂದೆ. ನಡೆದು ಹೋಗು."

"ನಡೆದು ಬರುವಷ್ಟರಲ್ಲಿ ಗರಿ ಒಣಗುತ್ತದಲ್ಲ?"

"ನಿಯಮ ಎಂದರೆ ನಿಯಮ."

ಟಿಟ್ಟಿಭ ನಡೆದಳು. ಉದ್ದ ಕಾಲುಗಳಲ್ಲಿ ಓಡೋಡಿ ಹೋದಳು, ನೀರಿನಲ್ಲಿ ಹೊಟ್ಟೆ ಅದ್ದಿದಳು, ಓಡೋಡಿ ಬಂದಳು. ಬಂದು ಮೊಟ್ಟೆಗಳ ಮೇಲೆ ಕುಳಿತರೆ ಗರಿಗಳಲ್ಲಿ ಪಸೆಯೇ ಇರಲಿಲ್ಲ. ಕೊಕ್ಕಿನಿಂದ ಮೊಟ್ಟೆಗಳನ್ನು ಮುಟ್ಟಿ ನೋಡಿದಳು. ಅವು ಕಲ್ಲಿನಷ್ಟೇ ಸುಡುತ್ತಿದ್ದವು.

ಅವಳು ಮತ್ತೆ ಕೆರೆಗೆ ಓಡಿದಳು. ಮತ್ತೆ ಹೊಟ್ಟೆ ಅದ್ದಿದಳು. ಈ ಸಲ ನಡೆಯಲಿಲ್ಲ.

"ಅಯ್ಯೋ, ಹಾರಿದಳು! ದೊಡ್ಡಮ್ಮ, ಟಿಟ್ಟಿಭ ಹಾರಿದಳು!" ಎಂದು ಗಿಳಿ ಚಾಡಿ ಹೇಳಿತು.

ಹಸಿ ನೀಲಿಯ ಕೆಳಗೆ ಅವಳು ರಭಸದಿಂದ ರೆಕ್ಕೆ ಬಡಿಯುತ್ತ ಬಂದಳು. ಗರಿಗಳಿಂದ ಹನಿಗಳು ಸಿಡಿದವು. ಕೆಲವು ನೆಲಕ್ಕೆ ಬಿದ್ದವು. ಕೆಲವು ಮೇಲಕ್ಕೆ ಚಿಮ್ಮಿ, ಅರ್ಧ ಒಣಗಿದ ಆಕಾಶಕ್ಕೆ ತಾಗಿದವು.

ಅರ್ಧ ಒಣಗಿದ ಬಣ್ಣಕ್ಕೆ ನೀರು ತಾಗಿದರೆ ಏನಾಗುತ್ತದೆ ಎಂದು ನೀರುಬಣ್ಣ ಹಿಡಿದವರಿಗೆಲ್ಲ ಗೊತ್ತು. ಹನಿ ತಾಗಿದ ಕಡೆ ನೀಲಿ ಹಿಂದೆ ಸರಿಯಿತು. ಹನಿ ಹರಡಿತು, ನೀಲಿ ಇನ್ನೂ ಸರಿಯಿತು. ಅಂಚು ಸುರುಳಿ ಸುರುಳಿಯಾಗಿ, ಹೂಕೋಸಿನ ಹಾಗೆ ಅರಳಿತು. ಅರಳಿದ್ದರ ನಡುವೆ ಬೆಳ್ಳಗೆ ಏನೋ ಕಾಣಿಸಿತು.

"ಹಾಳಾಯಿತು!" ಎಂದು ಗಾಳಿ ಕೂಗಿತು. "ಒರೆಸಿ, ದೊಡ್ಡಮ್ಮ, ಬೇಗ ಒರೆಸಿ!"

ದೊಡ್ಡಮ್ಮನ ಮುಖ ಕೆಂಪಾಯಿತು. ಬಟ್ಟೆ ಎತ್ತಿಕೊಂಡಳು. "ಏನೇ, ನಿನ್ನ ಗೇಣುದ್ದದ ಗೂಡಿಗಾಗಿ ನನ್ನ ಆಕಾಶವನ್ನೇ ಕೆಡಿಸಿದೆಯಾ?"

ಟಿಟ್ಟಿಭ ಮೊಟ್ಟೆಗಳ ಮೇಲೆ ಕುಳಿತೇ ಉತ್ತರ ಕೊಟ್ಟಳು. "ಆಕಾಶವನ್ನು ನೀವು ಎಷ್ಟೋ ಸಲ ಬರೆದಿದ್ದೀರಿ, ದೊಡ್ಡಮ್ಮ. ಈ ಮೊಟ್ಟೆಗಳನ್ನು ನಾನು ಇನ್ನೊಮ್ಮೆ ಇಡಲಾರೆ."

ದೊಡ್ಡಮ್ಮನ ಕೈ ಬಟ್ಟೆಯ ಸಮೇತ ಮೇಲಕ್ಕೆ ಹೋಯಿತು. ಅಷ್ಟರಲ್ಲಿ ಆ ಬಿಳಿ ಇನ್ನೂ ಹರಡಿ ಸೂರ್ಯನ ಮುಂದೆ ಬಂತು.

ಬಯಲಿನ ಮೇಲೆ ನೆರಳು ಬಿತ್ತು. ಅಂಥ ನೆರಳನ್ನು ಲೋಕ ಅದುವರೆಗೆ ಕಂಡಿರಲಿಲ್ಲ. ಅದು ಯಾವ ಮರದ್ದೂ ಅಲ್ಲ, ಯಾವ ಬಂಡೆಯದ್ದೂ ಅಲ್ಲ. ಅದು ನೆಲದ ಮೇಲೆ ಮೆಲ್ಲಗೆ ನಡೆಯಿತು. ಮೊಲದ ಬೆನ್ನ ಮೇಲೆ ಹಾದು ಬಂತು. ಬೆಣಚುಕಲ್ಲುಗಳನ್ನು ಒಂದೊಂದಾಗಿ ಸವರುತ್ತ ಬಂತು. ಬಂದು ಟಿಟ್ಟಿಭಳನ್ನೂ ಅವಳ ಮೊಟ್ಟೆಗಳನ್ನೂ ಮುಚ್ಚಿತು. ಬೆಳಗಿನಿಂದ ಏದುಸಿರು ಬಿಡುತ್ತಿದ್ದ ಹಕ್ಕಿ ಕೊಕ್ಕು ಮುಚ್ಚಿ, ರೆಕ್ಕೆ ಮಡಿಚಿಕೊಂಡಳು.

ಗಾಳಿ ಕೂಡ ಸುಮ್ಮನಾಯಿತು.

ದೊಡ್ಡಮ್ಮ ಆ ಬಿಳಿಯನ್ನೇ ನೋಡುತ್ತ ನಿಂತಳು. ಅದು ಅವಳು ಹಚ್ಚಿದ ಬಿಳಿಯಲ್ಲ, ಹಕ್ಕಿ ತಂದದ್ದೂ ಅಲ್ಲ. ನೀಲಿಯ ಹಿಂದೆ ಮೊದಲಿನಿಂದಲೂ ಇದ್ದ ಹಾಳೆ ಅದು. ಅಂಚಿನ ಆ ಸುರುಳಿಗಳಲ್ಲಿ ಒಂದರ ಹಾಗೆ ಇನ್ನೊಂದು ಇರಲಿಲ್ಲ.

"ಯಾರು ಬರೆದದ್ದು ಇದು?" ಎಂದು ಗಾಳಿ ಪಿಸುಗುಟ್ಟಿತು.

"ನಾನಲ್ಲ," ಎಂದಳು ದೊಡ್ಡಮ್ಮ. ಎತ್ತಿದ ಕೈಯನ್ನು ಇಳಿಸಿ ಹೇಳಿದಳು, "ನನಗೆ ಇದನ್ನು ಬರೆಯಲು ಬರುವುದೂ ಇಲ್ಲ."

ದೊಡ್ಡಮ್ಮನ ಬಾಯಿಂದ ಅಂಥ ಮಾತನ್ನು ಯಾರೂ ಕೇಳಿರಲಿಲ್ಲ. ಅವಳು ಬಟ್ಟೆಯನ್ನು ಮಡಿಸಿ ಪಕ್ಕಕ್ಕೆ ಇಟ್ಟಳು. ಕುಂಚವನ್ನು ತೊಳೆದು ಅಡ್ಡಲಾಗಿ ಮಲಗಿಸಿದಳು. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಳು. ಆಕಾಶ ತನ್ನಷ್ಟಕ್ಕೆ ಅರಳುತ್ತಲೇ ಇತ್ತು. ಟಿಟ್ಟಿಭಳ ಹೊಟ್ಟೆಯ ಕೆಳಗಿನಿಂದ ಸಣ್ಣಗೆ, ಟಕ್ ಎಂದು, ಯಾರೋ ಒಳಗಿನಿಂದ ತಟ್ಟಿದ ಸದ್ದು ಕೇಳಿಸಿತು.

ಆಕಾಶ ಒಣಗಿತು. ದೊಡ್ಡಮ್ಮ ಅದನ್ನು ಮೋಡಗಳ ಸಮೇತ ಮೇಲಕ್ಕೆ ಏರಿಸಿದಳು.

ಅಂದಿನಿಂದ ಅವಳು ದಿನವೂ ಹೊಸದಾಗಿ ನೀಲಿ ಎಳೆಯುತ್ತಾಳೆ. ಅದು ಅರ್ಧ ಒಣಗಿದಾಗ ಶುದ್ಧ ನೀರಿನ ಮಡಕೆಯಲ್ಲಿ ಬೆರಳು ಅದ್ದಿ, ಹನಿಗಳನ್ನು ಚಿಮುಕಿಸಿ, ಕೈ ಕಟ್ಟಿ ಕುಳಿತು ನೋಡುತ್ತಾಳೆ. ಏನು ಮೂಡುತ್ತದೆ ಎಂದು ಅವಳಿಗೂ ಗೊತ್ತಿಲ್ಲ. ಕೆಲವು ದಿನ ಮಾತ್ರ ಹಳೆಯ ಅಭ್ಯಾಸ ಅವಳನ್ನು ಬಿಡುವುದಿಲ್ಲ. ಕಲೆಯಿಲ್ಲದ ನೀಲಿಯನ್ನು ನೋಡುವ ಆಸೆಯಾಗಿ ಹನಿಯನ್ನು ಚಿಮುಕಿಸುವುದೇ ಇಲ್ಲ.

ಅದಕ್ಕೇ, ಮಗು, ಮೋಡದ ಅಂಚು ಇಂದಿಗೂ ಹೂಕೋಸಿನ ಹಾಗೆ ಅರಳುತ್ತದೆ, ಒಂದು ಮೋಡದ ಹಾಗೆ ಇನ್ನೊಂದು ಇರುವುದಿಲ್ಲ; ಮೋಡವೇ ಇಲ್ಲದ ಬಿಸಿಲಿನ ದಿನ ಕೆರೆಯ ದಂಡೆಗೆ ಹೋದರೆ, ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ತೋಯಿಸಿಕೊಂಡು ಮೊಟ್ಟೆಗಳ ಕಡೆಗೆ ಹಾರುವ ಟಿಟ್ಟಿಭ ಹಕ್ಕಿಯನ್ನು ನೀನು ಕಣ್ಣಾರೆ ನೋಡಬಹುದು.