ಕರೆದವ್ವನ ಗುಡ್ಡ

ನಮ್ಮ ಮಂದಾರಿ ಗ್ರಹದ ಪಡುವಣ ಬಯಲಿನಲ್ಲಿ, ಕುರಿದಾರಿ ಮುಗಿಯುವ ಕಡೆ, ತುಕ್ಕುಬಣ್ಣದ ಒಂದು ಗುಡ್ಡವಿದೆ. ಅದರ ನೆತ್ತಿಯ ಮೇಲೆ ಕಿಟಕಿಯೇ ಇಲ್ಲದ ಕಲ್ಲುಮನೆ. ಹೊಸಬರು ಅದನ್ನು ಯಾವುದೋ ದೇವಿಯ ಗುಡಿಯೆಂದು ತಿಳಿದು ಕೈಮುಗಿಯುತ್ತಾರೆ. ಮುಗಿಯಲಿ, ತಪ್ಪೇನಿಲ್ಲ. ಆದರೆ ಕರೆದವ್ವ ದೇವಿಯಲ್ಲ, ಸೂಲಗಿತ್ತಿ. ಅವಳ ನಿಜವಾದ ಹೆಸರು ನಿಂಬವ್ವ.

ಇಲ್ಲಿ ಹಗಲು ಏಳು ತಿಂಗಳು, ಇರುಳೂ ಏಳು ತಿಂಗಳು. ಹಿಂದೆ ಒಮ್ಮೆ, ನಮ್ಮವರು ಭೂಮಿಯಿಂದ ಬಂದು ನೆಲೆಯೂರಿದ ಹೊಸತರಲ್ಲಿ, ಈ ಗುಡ್ಡದ ಗವಿಯಲ್ಲಿ ಮಾಳಿಂಗ, ಚಂದ್ರಾಮ ಎಂಬ ಇಬ್ಬರು ರಕ್ತಪಿಶಾಚಿಗಳು ಸಂಸಾರ ಹೂಡಿದ್ದರು ಎನ್ನುತ್ತಾರೆ. ಇಬ್ಬರೂ ಗಂಡಸರು. ನೂರಾರು ವರ್ಷ ಜೊತೆಗಿದ್ದರೂ ಒಬ್ಬರ ಮುಖ ಇನ್ನೊಬ್ಬರಿಗೆ ನೋಡಿ ಸಾಕಾಗಿರಲಿಲ್ಲ. ಇರುಳಿಡೀ ಊರಿನ ಕುರಿ ಕಾಯುತ್ತಿದ್ದರು, ಕೂಲಿಗೆ ಕುರಿಯ ಒಂದೊಂದು ಬಟ್ಟಲು ನೆತ್ತರು ಕುಡಿಯುತ್ತಿದ್ದರು. ಕತ್ತಲಲ್ಲಿ ಹೆರಿಗೆಗೆ ಕರೆ ಬಂದರೆ ನಿಂಬವ್ವನನ್ನು ಹೆಗಲ ಮೇಲೆ ಹೊತ್ತೊಯ್ಯುವವನು ಮಾಳಿಂಗ. ಮಗು ಹುಟ್ಟುವಾಗ ಇಬ್ಬರೂ ಅಂಗಳದಲ್ಲಿ ಮೂಗು ಮುಚ್ಚಿಕೊಂಡು, ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಅಂಥ ಮರ್ಯಾದಸ್ಥರು.

ಚಂದ್ರಾಮನಿಗೆ ಮನೆಯ ಆಸೆ ಹುಟ್ಟಿತು. ಗವಿಯ ಕಲ್ಲುಗಳನ್ನೇ ಕಿತ್ತು ಒಂದಿಡೀ ಇರುಳು ಇಬ್ಬರೂ ದುಡಿದರು. ಹೊಸ್ತಿಲು ಕೂರಿಸುವಾಗ ಮನೆಯ ಒಡೆಯರ ಹೆಸರು ಹೇಳುವುದು ನಮ್ಮ ಊರಿನ ಪದ್ಧತಿ. ಕಲ್ಲಿನ ಆ ತುದಿ ಹಿಡಿದ ಮಾಳಿಂಗ ಗುಟ್ಟಾಗಿ ಚಂದ್ರಾಮನ ಹೆಸರು ಹೇಳಿದ. ಈ ತುದಿ ಹಿಡಿದ ಚಂದ್ರಾಮ ಮಾಳಿಂಗನ ಹೆಸರು ಹೇಳಿದ. ಪ್ರೀತಿ ಹೆಚ್ಚಾದರೆ ಬುದ್ಧಿ ಹೀಗೇ ಕೈಕೊಡುತ್ತದೆ. ರಕ್ತಪಿಶಾಚಿಗಳು ಒಡೆಯರು ಕರೆಯದೆ ಯಾರ ಮನೆಯನ್ನೂ ಹೊಗಲಾರರು. ಈಗ ಮನೆಯನ್ನು ಕೊಟ್ಟವರು ಇಬ್ಬರು, ತನ್ನದೆಂದು ಇಟ್ಟುಕೊಂಡವರು ಯಾರೂ ಇಲ್ಲ. ಮೂಡಣದಲ್ಲಿ ಬೆಳಕು ಹರಿಯುತ್ತಿತ್ತು, ಅಡಗಲು ಗವಿಯೂ ಉಳಿದಿರಲಿಲ್ಲ. ಇದು ನನ್ನದು ಎಂದು ಚಂದ್ರಾಮ ಕೂಗಿ ನೋಡಿದ. ಬಾಯಿ ಹೇಳಿತು, ಮನಸ್ಸು ಒಪ್ಪಲಿಲ್ಲ, ಹೊಸ್ತಿಲು ಅವನನ್ನು ಹಿಂದಕ್ಕೆ ತಳ್ಳಿತು. ಮಾಳಿಂಗನಿಗೂ ಅದೇ ಗತಿಯಾಯಿತು. ಕೊನೆಗೆ ಇಬ್ಬರೂ ಬಾಗಿಲ ಮುಂದೆ ಕೈಕೈ ಹಿಡಿದು ಕುಳಿತರು, ಒಬ್ಬನ ನೆರಳಲ್ಲಿ ಇನ್ನೊಬ್ಬನನ್ನು ಅಡಗಿಸಲು ಜಗಳವಾಡುತ್ತ.

ಸುದ್ದಿ ಊರಿಗೆ ಮುಟ್ಟಿತು. ಒಳಹೊಕ್ಕು ಕರೆಯುವವರು ಮನೆಗೆ ಒಡೆಯರಾಗಬೇಕು. ಆಮೇಲೆ ಬೆಳಕು ನುಗ್ಗದಂತೆ ಬಾಗಿಲು ಮುಚ್ಚಿ, ಏಳು ತಿಂಗಳ ಹಗಲು ಮುಗಿಯುವವರೆಗೆ ಆ ಇಬ್ಬರ ಜೊತೆಯೇ ಇರಬೇಕು. ಎಲ್ಲರೂ ನೆಲ ನೋಡಿದರು. ನಿಂಬವ್ವ ಮಾತ್ರ ಜೋಳದ ಹಿಟ್ಟಿನ ಗಂಟು ಕಟ್ಟಿದಳು. ಹಸಿವಾದರೆ ನಿನ್ನನ್ನೇ ಹೀರಿಯಾರೆಂದು ಸೊಸೆ ಅತ್ತಳು.

"ಹಸಿ ಕೂಸಿನ ರಗತದ ವಾಸ್ನಿಗೆ ಬೆನ್ನು ತಿರುವಿ ನಿಂತವ್ರು ಅವರು," ಎಂದಳು ನಿಂಬವ್ವ. "ಈ ಮುದುಕಿ ರಗತ ಅವರಿಗ್ಯಾಕ ಬೇಕ?"

ಅವಳು ಗುಡ್ಡ ಹತ್ತುವಷ್ಟರಲ್ಲಿ ಮಾಳಿಂಗನ ಬೆನ್ನು ಹೊಗೆಯಾಡುತ್ತಿತ್ತು; ಚಂದ್ರಾಮನನ್ನು ಅವನು ತನ್ನ ಮೈಯ ಕೆಳಗೆ ಮುಚ್ಚಿಕೊಂಡಿದ್ದ. ನಿಂಬವ್ವ ಚಪ್ಪಲಿ ಕಳಚಿಟ್ಟು ಒಳಗೆ ಹೋಗಿ ನಡುಮನೆಯಲ್ಲಿ ಕುಳಿತಳು.

"ಈ ಮನಿ ಈಗ ನಂದು," ಎಂದಳು. "ಇಬ್ಬರೂ ಒಳಗ ಬರ್ರಿ, ಮಕ್ಕಳ."

ಅವರನ್ನು ಜೋಡಿಯಾಗಿ ಮನೆಯೊಳಕ್ಕೆ ಕರೆದವರು ಅದಕ್ಕೂ ಮೊದಲು ಯಾರೂ ಇರಲಿಲ್ಲ. ಏಳು ತಿಂಗಳು ಕಳೆದು ಅವಳು ಮೊದಲಿಗಿಂತ ಗಟ್ಟಿಮುಟ್ಟಾಗಿಯೇ ಹೊರಬಂದಳು ಎನ್ನುತ್ತಾರೆ. ಕೊನೆಯುಸಿರಿನವರೆಗೂ ಆ ಮನೆಯನ್ನು ಅವಳು ಯಾರಿಗೂ ಬಿಟ್ಟುಕೊಡಲಿಲ್ಲ.

ಈಗ ಹಗಲಲ್ಲಿ ಹೋದವರಿಗೆ ಬಾಗಿಲು ಮುಚ್ಚಿರುತ್ತದೆ. ಹೊಸ್ತಿಲ ಹೊರಗೆ ಮೂರು ಜೊತೆ ಚಪ್ಪಲಿಗಳಿರುತ್ತವೆ. ಎರಡು ಗಂಡಸರವು, ಒಂದು ಮುದುಕಿಯದು. ನಿಂಬವ್ವ ತೀರಿಕೊಂಡು ಹತ್ತು ತಲೆಮಾರಾಯಿತು; ಒಡತಿ ಹೋದರೆ ಅವಳ ಕರೆಯೂ ಹೋಗಬೇಕಿತ್ತು. ಆದರೂ ಪ್ರತಿ ಇರುಳು ಆ ಪುಟ್ಟ ಚಪ್ಪಲಿಗೆ ಯಾರೋ ಹೊಸ ಬಾರು ಹಾಕಿರುತ್ತಾರೆ. ಮನೆಯ ಯಜಮಾನಿ ಒಳಗೇ ಇದ್ದಾಳೆ ಎಂದು ಹೊಸ್ತಿಲು ಇಂದಿಗೂ ನಂಬಿದೆ.