ಬೆಟ್ಟಕ್ಕಿಂತ ದೊಡ್ಡ ಹಸು

"ಕೇಳ್ರಪ್ಪೋ ಕೇಳಿ! ದೊರೆಗಳ ಹತ್ತಿರ ಒಂದು ಅಪರೂಪದ ಚಿತ್ರವಿದೆ. ಹಲಗೆಯಲ್ಲಿ ಕೆತ್ತಿ, ಮಸಿ ಬಳಿದು, ಕಾಗದಕ್ಕೆ ಒತ್ತಿದ್ದು. ಅದರ ಮೂರು ಒಗಟು ಒಡೆದವನು ಕೇಳಿದ್ದು ಕೊಡುತ್ತಾರೆ. ತಪ್ಪಿದವನ ತಲೆ ಹೊತ್ತು ಮುಳುಗುವಾಗ ಉರುಳುತ್ತದೆ!"

ಡಂಗುರ ಕೇಳಿ ಬಂದ ದನಗಾಹಿ ಪಾಲಯ್ಯ ಮೂರು ದಿನ ಅರಮನೆ ಬಾಗಿಲಲ್ಲೇ ನಿಂತ. ದೊರೆ ಬೇಟೆಗೆಂದು ಬೆಟ್ಟಕ್ಕೆ ಮುಳ್ಳುಬೇಲಿ ಹಾಕಿಸಿದ್ದ, ಪಾಲಯ್ಯನ ದನ ಮೇವಿಲ್ಲದೆ ದೊಡ್ಡಿಯಲ್ಲಿ ಅರಚುತ್ತಿದ್ದವು. ಕಾವಲಿನವನೋ, "ದನ ಕಾಯೋನಿಗೆ ಒಗಟು ಬೇರೆ ಕೇಡು!" ಅಂತ ತಳ್ಳುತ್ತಿದ್ದ. ನಾಲ್ಕನೆಯ ದಿನ ಬೇಸತ್ತು ಒಳಗೆ ಬಿಟ್ಟ.

ಗೋಡೆಯ ಮೇಲೆ ಚಿತ್ರ. ಒರಟು ಕಪ್ಪು ಗೆರೆಗಳ ಬೆಟ್ಟಸಾಲು, ಹಸು, ಅದರ ಪಕ್ಕ ಹಾಲು ಕರೆಯುವ ಹೆಂಗಸು, ಕುರಿ, ಕತ್ತೆ.

"ಇಲ್ಲಿ ಮೋಡವಿಲ್ಲ, ಹನಿಯೂ ಇಲ್ಲ. ಆದರೂ ಇದು ಮಳೆಯ ಚಿತ್ರ. ಮಳೆ ಯಾವ ಕಡೆಯಿಂದ ಬರುತ್ತಿದೆ?" ದೊರೆ ಕೇಳಿದ.

"ಇಂದ್ರಲೋಕದಿಂದ, ಪ್ರಭು!" ಆಸ್ಥಾನಕವಿ ಎಂದ. ಭಟರು ಎಳೆದೊಯ್ದರು.

"ಬೆಟ್ಟದ ನೆತ್ತಿಯಿಂದ," ಎಂದ ಮಂತ್ರಿಯ ಅಳಿಯ. ಅವನದೂ ಅದೇ ಗತಿ.

ಪಾಲಯ್ಯನಿಗೆ ಮೈಯೆಲ್ಲ ಉರಿಯಿತು. "ಥೂ! ಇವರಿಗೆ ಕಣ್ಣಿಲ್ವಾ? ಬೀಸುಮಳೆಗೆ ದನ ಬೆನ್ನು ಕೊಟ್ಟು ನಿಲ್ಲುತ್ತೆ ಬುದ್ಧಿ. ಎಲ್ಲದರ ಬಾಲ ಎಡಕ್ಕಿದೆ, ಮಳೆ ಎಡದಿಂದ."

ದೊರೆ ಹುಬ್ಬೇರಿಸಿದ. "ಸರಿ. ನಮ್ಮ ಸೀಮೆಯಲ್ಲಿ ಹಸುವಿನ ಎಡಕ್ಕೆ ಕೂತು ಹಾಲು ಕರೆಯುತ್ತಾರೆ. ಇವಳೇಕೆ ಬಲಕ್ಕೆ ಕೂತಿದ್ದಾಳೆ?"

"ದನಕ್ಕೆ ಮುದ್ರೆ ಹಾಕೋ ಕಬ್ಬಿಣ ನೋಡಿದೀರಾ? ಅದರಲ್ಲಿ ಎಡಕ್ಕಿದ್ದದ್ದು ಚರ್ಮದ ಮೇಲೆ ಬಲಕ್ಕೆ ಬೀಳುತ್ತೆ. ಹಲಗೆಯೂ ಹಾಗೇ. ಕೆತ್ತಿದವನು ಎಡಕ್ಕೇ ಕೂರಿಸಿದ್ದ, ಒತ್ತಿದಾಗ ಮಗುಚಿಕೊಂಡಿತು."

"ಕೊನೆಯದು. ಹಸು ಬೆಟ್ಟಕ್ಕಿಂತ ದೊಡ್ಡದಾಗಿದೆ. ಯಾಕೆ?"

 ಪಾಲಯ್ಯನಿಗೆ ತಲೆ ಹೋದರೆ ಹೋಗಲಿ ಅನ್ನಿಸಿತು. "ಕೆತ್ತಿದವನು ದನ ಸಾಕಿದವನು. ಹಸಿದ ಹಸು ಮುಖ ನೋಡ್ತಾ ನಿಂತರೆ ಹಿಂದಿನ ಬೆಟ್ಟ ಯಾರಿಗೆ ಕಾಣುತ್ತೆ ಬುದ್ಧಿ? ನಿಮಗೆ ಬೆಟ್ಟ ಒಂದೇ ಕಾಣಿಸ್ತು. ಬೇಲಿ ಹಾಕಿಸಿಬಿಟ್ರಿ!"

 ದೊರೆ ಎದ್ದು ಚಿತ್ರದ ಹತ್ತಿರ ಹೋದ.

"ಕೆತ್ತಿದವನು ನನಗೆ ಹೇಳಿದ್ದೂ ಇದನ್ನೇ. ಬೇಲಿಯ ಮಾತು ಮಾತ್ರ ಹೇಳಿರಲಿಲ್ಲ," ಎಂದ. "ಅರ್ಧ ರಾಜ್ಯ ಕೇಳು, ಮಗಳನ್ನು ಕೇಳು, ಕೊಡುತ್ತೇನೆ."

"ಅಯ್ಯೋ, ಅದನ್ನೆಲ್ಲ ಕಟ್ಟಿಕೊಂಡು ನಾನೇನ್ ಮಾಡ್ಲಿ? ಬೆಟ್ಟ ಬಿಡಿಸಿ. ಆ ಇಬ್ಬರನ್ನೂ ಕೊಡಿ, ಬೇಲಿ ಕೀಳೋಕೆ ಆಳು ಬೇಕು."

ಅಂದು ಹೊತ್ತು ಮುಳುಗುವಾಗ ಆಸ್ಥಾನಕವಿ, ಮಂತ್ರಿಯ ಅಳಿಯ ಇಬ್ಬರೂ ಅಂಗೈಯ ಮುಳ್ಳು ಕಿತ್ತುಕೊಳ್ಳುತ್ತ ಕೂತಿದ್ದರು. ಅವರ ಪಕ್ಕದಲ್ಲೇ ದನ ಹುಲ್ಲಿಗೆ ಬಾಯಿ ಹಾಕಿದ್ದವು.